ಮೂರು ಸಲ ಬಿಚ್ಚಿದ ಹ್ಯಾಂಡಲ್ ಟೇಪ್: ಕಾರವಾರದ ಒಂದು ಮಳೆಗಾಲದ ಪ್ರಕರಣ

ದೇವಿಮನೆ ಘಟ್ಟ ಅರ್ಧ ಏರಿ ಆಗಿತ್ತು. ನನ್ನ ಅಕ್ಕನ ಮಗ ಸೈಕಲ್ ಹ್ಯಾಂಡಲಿನ ಮೇಲಿನ ಅಡ್ಡ ಭಾಗವನ್ನು ಹಿಡಿದು, ತನ್ನ ಕಡೆಗೆ ಜಗ್ಗಿಕೊಂಡು ಪೆಡಲ್ ತುಳಿಯುತ್ತಿದ್ದ. ಬಲಗೈ ಅಡಿಯಲ್ಲಿ ಏನೋ ಜಾರಿದ ಹಾಗಾಯಿತು. ನೋಡಿದರೆ ಹ್ಯಾಂಡಲಿಗೆ ಹಿಡಿತಕ್ಕಾಗಿ ಸುತ್ತಿದ ಟೇಪಿನ ತುದಿ ಬಿಚ್ಚಿಕೊಂಡು ಹೆಬ್ಬೆರಳಿಗೆ ಸುತ್ತಿತ್ತು. ಕರಿ ಅಂಟು ಅಂಗೈಗೆಲ್ಲ ಮೆತ್ತಿತ್ತು. ಹಿಂದೆ ಲಾರಿ ಬರುತ್ತಿತ್ತು. ಹೇಗೋ ಪಕ್ಕಕ್ಕೆ ನಿಲ್ಲಿಸಿ ನನಗೆ ಫೋನ್ ಮಾಡಿದ.

"ಮಾವ, ಮತ್ತೆ ಬಿಚ್ಚಿತು."

ಇದು ಮೂರನೇ ಸಲ. ಇನ್ನು ತುದಿಗೆ ಇನ್ನಷ್ಟು ಟೇಪ್ ಸುತ್ತಿ ಕಳಿಸುವುದು ಬೇಡ, ಪೂರ್ತಿ ಬಿಚ್ಚಿಯೇ ನೋಡೋಣ ಅಂತ ಅವತ್ತೇ ತೀರ್ಮಾನ ಮಾಡಿದೆ. ಒಳಗೆ ಏನು ಸಿಕ್ಕಿತು, ಹೇಗೆ ಸರಿ ಮಾಡಿದೆವು, ಆಮೇಲೆ ಏನಾಯಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಟೇಪಿನ ತುದಿ ನೋಡಲು ಚಿಕ್ಕ ವಿಷಯ. ಆದರೆ ಘಟ್ಟದ ದಾರಿಯಲ್ಲಿ ಸವಾರನ ಹಿಡಿತ ಪೂರ್ತಿ ಅದರ ಮೇಲೆಯೇ ಇರುತ್ತದೆ, ಅಲ್ವಾ?

ಸೈಕಲ್ಲು, ಸವಾರ

ಹುಡುಗನ ಊರು ಶಿರಸಿ. ಡಿಗ್ರಿ ಓದಲು ಕಾರವಾರಕ್ಕೆ ಬಂದು ನಮ್ಮ ಮನೆಯಲ್ಲೇ ಇದ್ದಾನೆ. ಭಾನುವಾರ ಬೆಳಿಗ್ಗೆ ಅಂಕೋಲೆಗೆ ಹೋಗಿ ಬರುತ್ತಾನೆ. ಹೆಚ್ಚುಕಡಿಮೆ 70 ಕಿ.ಮೀ. ಆಗುತ್ತದೆ. ತಿಂಗಳಿಗೊಮ್ಮೆ ಕುಮಟಾ ಮೇಲೆ ಹಾದು, ದೇವಿಮನೆ ಘಟ್ಟ ಹತ್ತಿ ಊರಿಗೆ ಹೋಗುತ್ತಾನೆ. ಅದು 120 ಕಿ.ಮೀ. ಮೀರಿದ ದಾರಿ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಕೊನೆಯ ಭಾಗದಲ್ಲಿ ಕೈಗೆ ಬಹಳ ಕೆಲಸ.

ಸೈಕಲ್ ಸೆಕೆಂಡ್ ಹ್ಯಾಂಡ್. ಬಾರ್, ಅಂದರೆ ಹ್ಯಾಂಡಲಿನ ಕೊಳವೆ, ಅಲ್ಯುಮಿನಿಯಂ; ಎರಡೂ ಕೊನೆ ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದೆ. ಬ್ರೇಕ್ ಮತ್ತು ಗೇರ್ ಕೇಬಲ್‌ಗಳು ಟೇಪಿನ ಅಡಿಯಲ್ಲೇ ಹಾದು, ಬಾರನ್ನು ನಡುವೆ ಕಚ್ಚಿ ಹಿಡಿಯುವ ಸ್ಟೆಮ್ ಹತ್ತಿರ ಹೊರಗೆ ಬರುತ್ತವೆ. ಕೊಂಡ ಅಂಗಡಿಯಲ್ಲೇ ಹೊಸ ಕಾರ್ಕ್ ಟೇಪ್ ಹಾಕಿ ಕೊಟ್ಟಿದ್ದರು. ನೋಡಲು ಚೆನ್ನಾಗಿಯೇ ಇತ್ತು.

ಜೂನ್ ನಡುವಿನಲ್ಲಿ ಬಲಗಡೆಯ ತುದಿ ಮೊದಲ ಸಲ ಬಿಚ್ಚಿತು. ತುದಿಯನ್ನು ಹಿಡಿದಿಡಲು ಮೇಲೆ ಸುತ್ತಿದ್ದ ಹಳೇ ಕರೆಂಟ್ ಟೇಪ್ (ವೈರಿಗೆ ಸುತ್ತುವ ಪಿವಿಸಿ ಟೇಪ್) ಕಿತ್ತು, ಹೊಸದನ್ನು ಐದಾರು ಸುತ್ತು ಬಿಗಿಯಾಗಿ ಎಳೆದು ಸುತ್ತಿದೆ. ಮೂರು ವಾರ ನಿಂತಿತು. ಜುಲೈ ಮೊದಲ ವಾರ ಮತ್ತೆ ಬಿಚ್ಚಿತು. ಈ ಸಲ ಒಂದು ಹನಿ ಫೆವಿಕ್ವಿಕ್ ಹಾಕಿ, ಮೇಲೆ ಇನ್ನೂ ಜಾಸ್ತಿ ಬಿಗಿಯಾಗಿ ಸುತ್ತಿದೆ. ಅಂಟಿದ ಜಾಗ ಗಟ್ಟಿಯಾಗಿ, ಅದರ ಪಕ್ಕದಲ್ಲೇ ಕಾರ್ಕ್ ಟೇಪ್ ಹರಿಯಿತು. ಜುಲೈ ಕೊನೆಯ ವಾರ ಘಟ್ಟದಲ್ಲಿ ಆದದ್ದು ಮೇಲೆ ಹೇಳಿದೆ.

ನಾನು ಮಾಡಿದ್ದು ತಪ್ಪು. ಎರಡು ಸಲವೂ ತುದಿಯನ್ನು ಮಾತ್ರ ನೋಡಿದೆ. ತುದಿ ಯಾಕೆ ಬಿಚ್ಚುತ್ತಿದೆ ಅಂತ ಕೇಳಿಕೊಳ್ಳಲೇ ಇಲ್ಲ.

ಬಿಚ್ಚಿದಾಗ ಕಂಡದ್ದು

ಹಳೇ ಪತ್ರಿಕೆ ಹಾಸಿ, ಸೈಕಲ್ಲನ್ನು ಗೋಡೆಗೆ ಒರಗಿಸಿ, ಸ್ಟೆಮ್ ಕಡೆಯಿಂದ ನಿಧಾನವಾಗಿ ಬಿಚ್ಚುತ್ತಾ ಬಂದೆವು. ಬಿಚ್ಚುವಾಗಲೇ ಒಂದು ವಿಷಯ ಗೊತ್ತಾಯಿತು. ಟೇಪ್ ಸುತ್ತಿದ ದಿಕ್ಕು.

ಬಲಗಡೆಯ ಬಾರ್ ತೆಗೆದುಕೊಳ್ಳಿ. ಸೀಟಿನ ಕಡೆಯಿಂದ ನೋಡಿದರೆ, ಡ್ರಾಪ್‌ನಲ್ಲಿ, ಅಂದರೆ ಕೆಳಕ್ಕೆ ಬಾಗಿದ ಭಾಗದಲ್ಲಿ, ಗಡಿಯಾರದ ಮುಳ್ಳು ತಿರುಗುವ ಹಾಗೆ ಸುತ್ತಿದ್ದರು. ಅಂದರೆ ಟೇಪ್ ಬಾರಿನ ಮೇಲೆ ಹಾದು ಹೊರಗಡೆಗೆ ಇಳಿಯುತ್ತಿತ್ತು. ಡ್ರಾಪ್ ಹಿಡಿದಾಗ ನಮ್ಮ ಕೈ ಹೊರಕ್ಕೆ ತಿರುಚುತ್ತದೆ. ಹಾಗಾಗಿ ಅಲ್ಲಿ ಇದು ಸರಿಯಾದ ದಿಕ್ಕೇ, ಹಿಡಿದಷ್ಟೂ ಬಿಗಿಯಾಗುತ್ತದೆ. ಆದರೆ ಅದೇ ಸುತ್ತನ್ನು ಬದಲಿಸದೆ ಬ್ರೇಕ್ ಲಿವರ್ ದಾಟಿಸಿ ಮೇಲಕ್ಕೆ ತಂದರೆ ಏನಾಗುತ್ತದೆ? ಬಾರ್ ಒಳಕ್ಕೆ ತಿರುಗುತ್ತದೆ. ಅಡ್ಡ ಭಾಗದಲ್ಲಿ ಟೇಪ್ ಈಗ ಮೇಲೆ ಹಾದು ಮುಂದಕ್ಕೆ, ಅಂದರೆ ಮುಂದಿನ ಚಕ್ರದ ಕಡೆಗೆ ಹೋಗುತ್ತದೆ. ಘಟ್ಟ ಹತ್ತುವವನು ಅಡ್ಡ ಭಾಗವನ್ನು ತನ್ನ ಕಡೆಗೆ ಎಳೆಯುತ್ತಾನೆ. ಟೇಪ್ ಹೋಗುವುದು ಮುಂದಕ್ಕೆ, ಕೈ ಎಳೆಯುವುದು ಹಿಂದಕ್ಕೆ. ಪ್ರತಿ ಸಲ ಜಗ್ಗಿದಾಗಲೂ ಸುತ್ತು ಕೂದಲೆಳೆಯಷ್ಟು ಸಡಿಲವಾಗುತ್ತದೆ. ಆ ಸಡಿಲವೆಲ್ಲ ಸರಿದು ಸರಿದು ಕೊನೆಗೆ ಸೇರುವುದು ತುದಿಗೆ.

ಹುಡುಗನಿಗೆ ಇದು ಮೊದಲು ಅರ್ಥವಾಗಲಿಲ್ಲ. ಅಡುಗೆಮನೆಯಿಂದ ಲಟ್ಟಣಿಗೆ ತಂದು, ಅದಕ್ಕೆ ಹಳೇ ರಿಬ್ಬನ್ ಸುತ್ತಿ ತೋರಿಸಿದೆ. ಸುತ್ತಿದ ದಿಕ್ಕಿಗೇ ಅಂಗೈ ತಿರುಚಿದರೆ ರಿಬ್ಬನ್ ಕಚ್ಚಿ ಹಿಡಿಯುತ್ತದೆ. ಎದುರು ದಿಕ್ಕಿಗೆ ಎರಡು ಸಲ ತಿರುಚಿದರೆ ಸಾಕು, ಬಾಯಿ ಬಿಡುತ್ತದೆ. "ಹಾಗಾದ್ರೆ ನಾನೇ ಬಿಚ್ತಾ ಇದ್ದೆ ಅಂತಾಯ್ತು, ಮಾವ" ಅಂದ. ಹೌದು, ಘಟ್ಟ ಹತ್ತುವಾಗಲೆಲ್ಲ.

ಎರಡನೆಯದು, ತುದಿ ನಿಂತಿದ್ದ ಜಾಗ. ನನ್ನ ಹತ್ತಿರ ವರ್ನಿಯರ್ ಕ್ಯಾಲಿಪರ್ ಇದೆ, ಅಳೆದು ನೋಡಿದೆ. ಸ್ಟೆಮ್ ಕಚ್ಚುವಲ್ಲಿ ಈ ಬಾರಿನ ದಪ್ಪ 31.8 ಮಿ.ಮೀ. ಈಗಿನ ಹೆಚ್ಚಿನ ರೋಡ್ ಬೈಕ್‌ಗಳಲ್ಲಿ ಇದೇ ಅಳತೆ. ಕೈ ಹಿಡಿಯುವ ಕಡೆ ಸುಮಾರು 24 ಮಿ.ಮೀ. ಇವೆರಡರ ನಡುವೆ ಬಾರ್ ಇಳಿಜಾರಾಗಿ ಸಣ್ಣದಾಗುತ್ತದೆ. ನಮ್ಮ ಟೇಪ್ ಮುಗಿದದ್ದು ಸರಿಯಾಗಿ ಆ ಇಳಿಜಾರಿನ ಮೇಲೆ! ಎಳೆದು ಸುತ್ತಿದ ಯಾವುದೇ ಪಟ್ಟಿ ಇಳಿಜಾರಿನಲ್ಲಿ ಸಣ್ಣ ಕಡೆಗೇ ಜಾರುತ್ತದೆ. ಬಾಟಲಿಯ ಹೆಗಲಿಗೆ ಹಾಕಿದ ರಬ್ಬರ್ ಬ್ಯಾಂಡ್ ಕುತ್ತಿಗೆಗೆ ಸರಿದು ನಿಲ್ಲುವುದಿಲ್ವಾ, ಹಾಗೆ. ನಾನು ಬಿಗಿ ಮಾಡಿದಷ್ಟೂ ಕರೆಂಟ್ ಟೇಪ್ ಜಾರುವುದು ಜಾಸ್ತಿಯಾಗಿತ್ತು. ಅದು ಅರ್ಧ ಸೆಂಟಿಮೀಟರ್ ಸರಿದರೆ ಸಾಕು, ಕಾರ್ಕ್ ಟೇಪಿನ ಅಂಚು ಬಯಲಿಗೆ ಬೀಳುತ್ತದೆ.

ಕರೆಂಟ್ ಟೇಪಿನದ್ದೂ ಒಂದು ಸ್ವಭಾವ ಇದೆ. ಪಿವಿಸಿ ಟೇಪ್ ಎಳೆದರೆ ಹಿಗ್ಗುತ್ತದೆ. ಆಮೇಲೆ ಮೆಲ್ಲಗೆ ತನ್ನ ಮೊದಲಿನ ಉದ್ದಕ್ಕೆ ಮರಳಲು ನೋಡುತ್ತದೆ. ಕೊನೆಯ ತುಂಡನ್ನೂ ಎಳೆದೇ ಅಂಟಿಸಿದರೆ ಆ ತುದಿ ಹಿಂದೆ ಸರಿದು, ಅಂಟನ್ನು ಅಲ್ಲೇ ಬಿಟ್ಟು, ಏಳುತ್ತದೆ. ಬಿಸಿಲಿಗೆ ನಿಲ್ಲಿಸಿದ ಸೈಕಲ್ಲಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ.

ಇಷ್ಟರ ಮೇಲೆ ಕಾರ್ಕ್ ಟೇಪಿನ ತುದಿಯನ್ನು ನೇರವಾಗಿ, ಅಡ್ಡಕ್ಕೆ ಕತ್ತರಿಸಿದ್ದರು. ಓರೆಯಾಗಿ ಸುತ್ತಿ ಬಂದ ಪಟ್ಟಿಯನ್ನು ಹಾಗೆ ಕತ್ತರಿಸಿದರೆ ಕೊನೆಗೆ ಒಂದು ಮೂಲೆ ಎದ್ದು ನಿಲ್ಲುತ್ತದೆ, ಅಂಚು ಮೆಟ್ಟಿಲಿನ ಹಾಗೆ ಆಗುತ್ತದೆ. ಅದರ ಮೇಲೆ ಏನು ಸುತ್ತಿದರೂ ಸಮನಾಗಿ ಕೂರುವುದಿಲ್ಲ.

ಬಿಳಿ ಪುಡಿ

ಈ ಭಾಗವನ್ನು ಕರಾವಳಿಯವರು ದಯವಿಟ್ಟು ಗಮನವಿಟ್ಟು ಓದಿ.

ಲಿವರ್ ಕ್ಲ್ಯಾಂಪಿನ ಹತ್ತಿರ, ಬಾರಿನ ಅಡಿಭಾಗದಲ್ಲಿ ಬಿಳಿ ಪುಡಿ ಕಟ್ಟಿತ್ತು. ಬೆರಳಿಂದ ಉಜ್ಜಿದರೆ ವಿಭೂತಿಯ ಹಾಗೆ ಬಂತು. ಅದು ಅಲ್ಯುಮಿನಿಯಂ ತುಕ್ಕು. ಕಬ್ಬಿಣದ ತುಕ್ಕು ಕೆಂಪಾದರೆ ಇದು ಬಿಳಿ. ಬೆವರಿನಲ್ಲಿ ಉಪ್ಪಿದೆ, ನಮ್ಮ ಗಾಳಿಯಲ್ಲೂ ಉಪ್ಪಿದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರವಾರದಲ್ಲಿ ಒಣಗಲು ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಟೇಪಿನ ಅಡಿಯ ಬಾರ್ ಎಲ್ಲಿ ಒಣಗಬೇಕು? ವರ್ಷಗಟ್ಟಲೆ ಟೇಪ್ ಬಿಚ್ಚದೆ ಬಿಟ್ಟರೆ ಈ ತುಕ್ಕು ಲೋಹಕ್ಕೆ ಗುಳಿ ಬೀಳಿಸುತ್ತದೆ. ಗುಳಿ ಬಿದ್ದ ಜಾಗದಲ್ಲಿ ಬಿರುಕು ಶುರುವಾಗಿ, ಒಂದು ದಿನ ಹೇಳದೆ ಕೇಳದೆ ಬಾರ್ ಮುರಿಯಬಹುದು.

ನಾನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ, ಒಣ ಪಂಚೆಯಿಂದ ಉಜ್ಜಿ, ಟಾರ್ಚ್ ಬಿಟ್ಟು ನೋಡಿದೆ. ಉಗುರಿನಿಂದ ಸುತ್ತಲೂ ಸವರಿದೆ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮೇಲ್ಮೈ ಸ್ವಲ್ಪ ಮಂಕಾಗಿತ್ತು, ಅಷ್ಟೆ. ಅದಕ್ಕೆ ಅದೇ ಬಾರ್ ಇಟ್ಟುಕೊಂಡೆವು. ಉಗುರು ಸಿಕ್ಕುವಂಥ ಒಂದೇ ಒಂದು ಗುಳಿ ಕಂಡಿದ್ದರೂ ಹೊಸ ಬಾರ್ ತರಿಸುತ್ತಿದ್ದೆ. ದುಡ್ಡಿನ ಲೆಕ್ಕ ಹಾಕುವ ಜಾಗ ಅದಲ್ಲ.

ಎಡಗಡೆ ಬಾರಿನ ಕೊನೆಯಲ್ಲಿ ಪ್ಲಗ್ ಇರಲೇ ಇಲ್ಲ, ಎಲ್ಲೋ ಬಿದ್ದು ಹೋಗಿತ್ತು. ಅದೂ ಸಣ್ಣ ವಿಷಯ ಅಲ್ಲ. ಪ್ಲಗ್ ಇಲ್ಲದ ಕೊಳವೆಯ ಬಾಯಿ ಬಿದ್ದಾಗ ಮೈಗೆ ಚುಚ್ಚಿದರೆ ಉಂಗುರದಂಥ ಚೂರಿಯೇ ಸರಿ. ರೇಸ್‌ಗಳಲ್ಲಿ ಪ್ಲಗ್ ಇಲ್ಲದ ಸೈಕಲ್ಲನ್ನು ಬಿಡುವುದೇ ಇಲ್ಲ. ಜೊತೆಗೆ ಮಳೆ ನೀರು ಒಳಗೆ ಹೋಗುತ್ತದೆ, ಟೇಪಿನ ಆರಂಭದ ಅಂಚಿಗೂ ಹಿಡಿತ ತಪ್ಪುತ್ತದೆ.

ಬೈತಕೋಲದ ಅಜ್ಜ

ಅದೇ ವಾರ ಬೇರೆ ಕೆಲಸಕ್ಕೆ ಬೈತಕೋಲ ಬಂದರಿಗೆ ಹೋಗಿದ್ದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಅದು ಮುಗಿಯಲು ನಾಲ್ಕೇ ದಿನ ಬಾಕಿ ಇತ್ತು. ಎಲ್ಲ ಕಡೆ ಬಲೆ ಹೊಲಿಯುವ, ಹಗ್ಗ ಸರಿ ಮಾಡುವ ಗಡಿಬಿಡಿ. ಒಬ್ಬ ಅಜ್ಜ ಒಂದು ಹಗ್ಗದ ತುದಿಗೆ ನೂಲು ಸುತ್ತುತ್ತಾ ಕೂತಿದ್ದರು. ಗಂಟು ಎಲ್ಲೂ ಕಾಣುತ್ತಿರಲಿಲ್ಲ. ನಾನು ಅಲ್ಲೇ ಕೂತೆ.

"ಅಜ್ಜ, ಬೆಂಕಿ ತಾಗಿಸಿದ್ರೆ ತುದಿ ಅಂಟಿಕೊಳ್ತದಲ್ಲ?"

"ಅಂಟ್ತದೆ ತಮ್ಮಾ. ಆದ್ರೆ ಕರಗಿದ್ದು ಕಲ್ಲಾಗ್ತದೆ, ಎಳೆಯುವಾಗ ಕೈ ಕೊಯ್ತದೆ. ಕೈಗೆ ಬರೂ ಹಗ್ಗಕ್ಕೆ ನೂಲೇ ಚಂದ."

ಕೈಗೆ ಬರುವ ತುದಿ. ನನಗೆ ಬೇಕಾದದ್ದೂ ಅದೇ. ಇನ್ನೊಂದು ಸಲ ನಿಧಾನ ಮಾಡಿ ತೋರಿಸಿ ಅಂದೆ. ತೋರಿಸಿದರು. ಬರುವಾಗ ಬಲೆ ಹೊಲಿಯುವ ನೈಲಾನ್ ನೂಲು ಒಂದಿಷ್ಟು ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಮತ್ತೆ ಸುತ್ತಿದ್ದು

ಆಗಸ್ಟ್ ಮೊದಲ ಭಾನುವಾರ ಹೊಸ ಟೇಪ್ ಹಾಕಲು ಕೂತೆವು. ಒಂದೊಂದು ಕಡೆಗೆ ಸುಮಾರು 2 ಮೀಟರ್ ಪಟ್ಟಿ. ಈ ಸಲ ಲಿವರ್ ಹತ್ತಿರ ಎಂಟರ ಆಕಾರದ ಸುತ್ತು ಹಾಕಬೇಕಿತ್ತು. ಅಡ್ಡ ಭಾಗದಲ್ಲಿ ಇಳಿಜಾರು ದಾಟಿ ದಪ್ಪ ಭಾಗದ ತನಕವೂ ಹೋಗಬೇಕಿತ್ತು. ಎರಡಕ್ಕೂ ಟೇಪ್ ಜಾಸ್ತಿ ಬೇಕು. ಅದಕ್ಕೆ ಮೊದಲಿನ ಹಾಗೆ ಅರ್ಧಕ್ಕರ್ಧ ಮೇಲೆ ಮೇಲೆ ಬರುವಂತೆ ಸುತ್ತದೆ, ಮೂರನೇ ಒಂದು ಭಾಗ ಮಾತ್ರ ಒಂದರ ಮೇಲೊಂದು ಬರುವಂತೆ ಸುತ್ತಿದೆವು.

ಕೆಳಗೆ ಅರ್ಧ ಅಗಲ ಹೊರಗೆ ಬಿಟ್ಟು ಶುರು ಮಾಡಿ, ಆ ಅರ್ಧವನ್ನು ಕೊಳವೆಯ ಒಳಕ್ಕೆ ಮಡಚಿ ಪ್ಲಗ್ ಒತ್ತಿದೆ. ಎಡಗಡೆಯ ಹೊಸ ಪ್ಲಗ್ ಸಡಿಲ ಇತ್ತು, ಅದಕ್ಕೆ ಒಂದು ಸುತ್ತು ಕರೆಂಟ್ ಟೇಪ್ ಹಾಕಿದ ಮೇಲೆ ಕಚ್ಚಿ ಕೂತಿತು. ಡ್ರಾಪ್‌ನಲ್ಲಿ ಹೊರಮುಖವಾಗಿಯೇ ಸುತ್ತಿದೆವು. ಲಿವರ್ ಹತ್ತಿರ ಎಂಟರ ಸುತ್ತು ಹಾಕಿದಾಗ ದಿಕ್ಕು ತಿರುಗಿತು, ಅಡ್ಡ ಭಾಗದಲ್ಲಿ ಟೇಪ್ ಮೇಲೆ ಹಾದು ಸವಾರನ ಕಡೆಗೆ ಬಂತು. ಈಗ ಜಗ್ಗಿದಷ್ಟೂ ಬಿಗಿ. ಎಂಟರ ಸುತ್ತಿನಿಂದ ಲಿವರ್ ಬುಡ ಸ್ವಲ್ಪ ದಪ್ಪ ಆಗುತ್ತದೆ, ಕೆಲವರಿಗೆ ಅದು ಹಿಡಿಸುವುದಿಲ್ಲ. ನನಗೆ ಆ ದಪ್ಪ ಪರವಾಗಿಲ್ಲ ಅನಿಸಿತು.

ಹುಡುಗ ಒಂದು ಒಳ್ಳೇ ಪ್ರಶ್ನೆ ಕೇಳಿದ. "ಮಾವ, ಮೇಲಿಂದಲೇ ಶುರು ಮಾಡಿ ಕೆಳಗೆ ಮುಗಿಸಿದ್ರೆ? ತುದಿ ಪ್ಲಗ್ ಒಳಗೆ ಹೋಗ್ತದೆ, ಏನೂ ಸುತ್ತೋದೇ ಬೇಡ." ಹಾಗೂ ಮಾಡುತ್ತಾರೆ, ತಪ್ಪೇನಿಲ್ಲ. ಆದರೆ ಆಗ ಪ್ರತಿ ಸುತ್ತಿನ ಅಂಚೂ ಮೇಲ್ಮುಖವಾಗಿ ಕೂರುತ್ತದೆ. ಕೈಯ ಭಾರ ಡ್ರಾಪ್‌ನಲ್ಲಿ ಕೆಳಕ್ಕೆ ಒತ್ತುತ್ತಾ ಆ ಅಂಚುಗಳನ್ನು ಒಂದೊಂದಾಗಿ ಮಡಚುತ್ತದೆ. ಹೆಂಚು ಹೊದಿಸುವಾಗ ಕೆಳಗಿನ ಸಾಲಿನಿಂದ ಮೇಲಕ್ಕೆ ಹೋಗುತ್ತಾರಲ್ಲ, ಅದೇ ಲೆಕ್ಕ. ಒಂದು ತುದಿಯ ತೊಂದರೆ ತಪ್ಪಿಸಲು ಇಪ್ಪತ್ತು ಅಂಚುಗಳ ತೊಂದರೆ ಯಾಕೆ?

ಇನ್ನು ಕತ್ತರಿಸುವುದು. ಟೇಪನ್ನು ದಪ್ಪ ಭಾಗದ ಮೇಲೆ ಒಂದು ಸುತ್ತು ಹೆಚ್ಚೇ ಸುತ್ತಿ, ಎಲ್ಲಿ ನಿಲ್ಲಬೇಕೋ ಅಲ್ಲಿ ಬಾರಿನ ಸುತ್ತ ನೇರವಾಗಿ ಪೆನ್ನಿನಿಂದ ಗೆರೆ ಎಳೆದೆ. ಆಮೇಲೆ ಒಂದೂವರೆ ಸುತ್ತು ಬಿಚ್ಚಿದೆ. ಬಿಡಿಸಿ ನೋಡಿದರೆ ಆ ಗೆರೆ ಟೇಪಿನ ಮೇಲೆ ಉದ್ದ ಓರೆಯಾಗಿ ಕಾಣುತ್ತದೆ, ಸುಮಾರು 11 ಸೆಂ.ಮೀ. ಅದರ ಮೇಲೆಯೇ ಕತ್ತರಿ ಓಡಿಸಿ, ಸ್ಟೆಮ್ ಕಡೆಯ ತ್ರಿಕೋನವನ್ನು ತೆಗೆದುಹಾಕಿದೆ. ಮತ್ತೆ ಸುತ್ತಿದಾಗ ಅಂಚು ಬಳೆಯ ಹಾಗೆ ನೇರವಾಗಿ ಕೂತಿತು. ಚೂಪು ತುದಿ ಬಾರಿನ ಅಡಿಗೆ ಬಂತು. ಅಲ್ಲಿ ಬೆರಳು ಕೆರೆಯುವುದಿಲ್ಲ.

ಎಡಗಡೆ, ಬಲಗಡೆ

ಎರಡೂ ಕಡೆ ಒಂದೇ ತರ ಮುಗಿಸಿದ್ದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಎಡಗಡೆ ಬರೀ ಕರೆಂಟ್ ಟೇಪ್, ಬಲಗಡೆ ನೂಲು.

ಎಡಗಡೆ ಮೂರೇ ಸುತ್ತು. ಅರ್ಧ ಅಗಲ ಕಾರ್ಕ್ ಮೇಲೆ, ಅರ್ಧ ಬರಿ ಬಾರ್ ಮೇಲೆ. ಮೊದಲ ಎರಡು ಸುತ್ತು ಹದವಾಗಿ ಎಳೆದು, ಮೂರನೆಯದನ್ನು ಸಡಿಲ ಬಿಟ್ಟು, ಕೊನೆಯ ನಾಲ್ಕು ಸೆಂಟಿಮೀಟರ್ ಸ್ವಲ್ಪವೂ ಎಳೆಯದೆ ಸುಮ್ನೆ ಮಲಗಿಸಿ ಒತ್ತಿದೆ. ಕೈಯಿಂದ ಹರಿಯಲಿಲ್ಲ, ಕತ್ತರಿಯಿಂದಲೇ ಕತ್ತರಿಸಿದೆ. ಹರಿದರೆ ಆ ಕೊನೆ ತುಂಡೇ ಹಿಗ್ಗಿಬಿಡುತ್ತದೆ.

ಬಲಗಡೆ ಅಡಿಗೆ ಒಂದು ಸುತ್ತು ಕರೆಂಟ್ ಟೇಪ್, ಅದರ ಮೇಲೆ ನೂಲು. ಟೇಪ್ ಸೇರಿ ದಪ್ಪ 37 ಮಿ.ಮೀ. ಹತ್ತಿರ, ಅಂದರೆ ಒಂದು ಸುತ್ತಿಗೆ ಸುಮಾರು 11.6 ಸೆಂ.ಮೀ. ನೂಲು ಬೇಕು. ಹದಿನೈದು ಸುತ್ತಿಗೆ ಒಂದೂ ಮುಕ್ಕಾಲು ಮೀಟರ್. ಎಳೆಯಲು ಬಾಲವೂ ಬೇಕಲ್ಲ, ಎರಡೂಕಾಲು ಮೀಟರ್ ತೆಗೆದುಕೊಂಡೆ. ನೂಲಿನ ಒಂದು ತುದಿಯನ್ನು ಕುಣಿಕೆಯ ಹಾಗೆ ಮಡಚಿ ಬಾರಿನ ಉದ್ದಕ್ಕೆ ಮಲಗಿಸಬೇಕು. ಕುಣಿಕೆಯ ಬಾಯಿ ಸ್ಟೆಮ್ ಕಡೆಗಿರಲಿ, ತುದಿ ಕಾರ್ಕ್ ಕಡೆಗೆ ಹೊರಗೆ ಉಳಿಯಲಿ. ಇನ್ನೊಂದು ಕಡೆಯ ನೂಲನ್ನು ಇವೆಲ್ಲದರ ಮೇಲೆ ಒತ್ತೊತ್ತಾಗಿ, ಒಂದರ ಪಕ್ಕ ಒಂದು, ಕುಣಿಕೆಯ ಕಡೆಗೆ ಸುತ್ತುತ್ತಾ ಹೋಗಬೇಕು. ಕೊನೆಗೆ ನೂಲನ್ನು ಕುಣಿಕೆಯೊಳಗೆ ತೂರಿಸಿ, ಮೊದಲು ಹೊರಗೆ ಬಿಟ್ಟ ತುದಿಯನ್ನು ಎಳೆಯಬೇಕು. ಕುಣಿಕೆ ಆ ನೂಲನ್ನು ಕಚ್ಚಿಕೊಂಡು ಸುತ್ತಿನ ಅಡಿಗೆ ನುಸುಳುತ್ತದೆ. ಅದು ನಡುವಿಗೆ ಬಂದಾಗ ನಿಲ್ಲಿಸಬೇಕು. ಇನ್ನೂ ಎಳೆದರೆ ಪೂರ್ತಿ ಆಚೆ ಬಂದುಬಿಡುತ್ತದೆ, ನನಗೆ ಮೊದಲ ಸಲ ಹಾಗೇ ಆಯಿತು. ಎರಡೂ ತುದಿ ಬುಡಕ್ಕೆ ಕತ್ತರಿಸಿದರೆ ಗಂಟೇ ಇಲ್ಲ. ಕೈ ಸವರಿದರೆ ಸಣ್ಣ ಏಣುಗಳ ಸಾಲು ಮಾತ್ರ.

ಆಮೇಲೆ

ಎರಡು ಮಳೆ ಸವಾರಿಯ ನಂತರ ಬಲಗಡೆಯ ನೂಲು ಉಗುರಿಗೆ ಅಲ್ಲಾಡಿತು. ನೈಲಾನ್ ನೀರು ಹೀರಿದರೆ ಸ್ವಲ್ಪ ಉದ್ದವಾಗುತ್ತದೆ, ನುಣುಪೂ ಜಾಸ್ತಿ. ಹಗ್ಗದ ಮೆತ್ತನೆ ಎಳೆಗಳ ಮೇಲೆ ಕಚ್ಚಿ ಹಿಡಿದದ್ದು ಇಲ್ಲಿ ಹಿಡಿಯಲಿಲ್ಲ. ಚಪ್ಪಲಿ ಹೊಲಿಯುವವರ ಹತ್ತಿರ ಪಾಲಿಯೆಸ್ಟರ್ ದಾರ ತಂದೆ. ಅಕ್ಕ ಶಿರಸಿಯಿಂದ ಒಂದು ಉಂಡೆ ಜೇನುಮೇಣ ಕಳಿಸಿದ್ದಳು. ದಾರವನ್ನು ಮೇಣದ ಮೇಲೆ ಮೂರು ಸಲ ಎಳೆದು, ಬೆರಳಿನಲ್ಲಿ ಉಜ್ಜಿ ಬಿಸಿ ಮಾಡಿ, ಮತ್ತೆ ಹದಿನೈದು ಸುತ್ತು ಹಾಕಿದೆ. ಆಮೇಲೆ ಅದು ಅಲ್ಲಾಡಲಿಲ್ಲ.

ಎಡಗಡೆಯದು ನನಗೆ ಹೆಚ್ಚು ಕಲಿಸಿತು. ಬರೀ ಮೂರು ಸುತ್ತಿನ ಕರೆಂಟ್ ಟೇಪ್, ನಾನು ಹಿಂದೆ ಹಾಕಿದ್ದಕ್ಕಿಂತ ಅರ್ಧ. ಆದರೂ ಡಿಸೆಂಬರ್ ತನಕ ನಿಂತಿತು. ನಾಲ್ಕು ಸಲ ದೇವಿಮನೆ ಹತ್ತಿಯೂ ಒಂದು ಸುತ್ತೂ ಸಡಿಲವಾಗಲಿಲ್ಲ. ಅಂಚಿನಲ್ಲಿ ಅಂಟು ಸ್ವಲ್ಪ ಹೊರಗೆ ಬಂದು ಧೂಳು ಹಿಡಿದಿತ್ತು, ಅಷ್ಟೇ. ಅಂದರೆ ತುದಿಯನ್ನು ಉಳಿಸಿದ್ದು ನೂಲಲ್ಲ. ದಿಕ್ಕು ಸರಿಯಾಗಿ, ದಪ್ಪ ಭಾಗದ ಮೇಲೆ ನಿಂತ ಮೇಲೆ ತುದಿಗೆ ಎಳೆತವೇ ಕಡಿಮೆಯಾಗಿತ್ತು. ನೂಲಿನ ಲಾಭ ಬೇರೆ. ಅದಕ್ಕೆ ಅಂಟಿನ ಹಂಗಿಲ್ಲ, ಬಿಸಿಲಿಗೆ ಕರಗುವುದಿಲ್ಲ, ಕೈಗೆ ಮೆತ್ತುವುದಿಲ್ಲ.

ಮುಂದಿನ ಮೇ ತಿಂಗಳಲ್ಲಿ, ಮಳೆಗೆ ಮೊದಲು, ಎರಡೂ ಕಡೆ ಬಿಚ್ಚಿ ಬಾರ್ ನೋಡುವುದು ಅಂತ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇವೆ. ಬಿಳಿ ಪುಡಿ ಮತ್ತೆ ಬಂದಿದೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.

ಹೋದ ಭಾನುವಾರ ಎಡಗಡೆಯ ಕರೆಂಟ್ ಟೇಪ್ ತೆಗೆದು ಹುಡುಗ ತಾನೇ ನೂಲು ಸುತ್ತಿದ. ನಾನು ಪಕ್ಕದಲ್ಲಿ ಕೂತಿದ್ದೆ, ಕೈ ಹಾಕಲಿಲ್ಲ. ಮುಗಿಸಿ ಎಣಿಸಿದ, ಹದಿನಾಲ್ಕು ಬಂತು. ಬಲಗಡೆ ಹದಿನೈದು ಇದೆ ಅಂತ ಪೂರ್ತಿ ಬಿಚ್ಚಿ, ದಾರಕ್ಕೆ ಇನ್ನೊಮ್ಮೆ ಮೇಣ ಹಚ್ಚಿ, ಮೊದಲಿಂದ ಶುರು ಮಾಡಿದ.